ಏಳು ದಿನದೊಳಗೆ

ಮಂಗಳವಾರ ಬೆಳಿಗ್ಗೆ ಎಂಟಕ್ಕೆ
ಫ್ಯಾಕ್ಸ್ ಯಂತ್ರದ ಬಾಯಲ್ಲಿ ನೇತಾಡುತ್ತಿರುತ್ತದೆ ವಾರಾಂತ್ಯ:
ಹನ್ನೊಂದು ಹಾಳೆ, ಹನ್ನೊಂದು ಹೆಸರು,
ಒಂದರಲ್ಲಿ ಶಾಯಿ ಹರಡಿ
ವಯಸ್ಸು ಎಪ್ಪತ್ತೊಂದೋ ಎಪ್ಪತ್ತೇಳೋ.

ಎಲ್ಲದರ ಬುಡದಲ್ಲೂ ಅದೇ ಸಾಲು:
‘ಏಳು ದಿನದೊಳಗೆ ನಿಮ್ಮ ವೈದ್ಯರನ್ನು ಕಾಣಿರಿ.’
ಯಾವ ಬಸ್ಸಿನಲ್ಲಿ, ಯಾರ ಕಾರಿನಲ್ಲಿ,
ಸುಪೀರಿಯರ್ ಸರೋವರದಿಂದ ಹಿಮ ಎದ್ದು
ರಸ್ತೆಯನ್ನೇ ನುಂಗಿದ ವಾರದಲ್ಲಿ ಹೇಗೆ,
ಆ ಸಾಲಿಗೆ ಗೊತ್ತಿಲ್ಲ.
ದೂರುತ್ತಿಲ್ಲ ನಾನು.
ಸೇತುವೆಯಾಚೆಯ ತುರ್ತು ವಿಭಾಗದಲ್ಲಿ ಆರು ವರ್ಷ ಇದ್ದವಳು.
ಆ ಸಾಲನ್ನು ನಾನೂ ಬರೆದಿದ್ದೇನೆ,
ಒಂದು ಕಾಲನ್ನು ಆಗಲೇ
ಮುಂದಿನ ಮಂಚದ ಕಡೆ ಇಟ್ಟು.

ಮೊದಲ ನಂಬರು ಚಾಲ್ತಿಯಲ್ಲಿಲ್ಲ.
ಎರಡನೆಯದು ಒಬ್ಬ ತಾಯಿ:
ಮಗುವಿನ ಕೆಮ್ಮು ಇಳಿದಿದೆ, ಗುರುವಾರ ಬರ್ತೀವಿ.
ಮೂರನೆಯದು ‘ಬಿಲ್ಲಿನ ವಿಷಯವಾ?’ ಎಂದು ಕೇಳಿ
ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟಿತು.

ನಾಲ್ಕನೆಯದು ಆರ್ವೋ ಸಾಲ್ಮೆಲಾ,
ಅದಿರಿನ ಹಡಗುಗಳಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವನು.
ಶನಿವಾರ ರಾತ್ರಿ ಮೂರಕ್ಕೆ ಎದೆ ಬಡಿತ ತಾಳ ತಪ್ಪಿ ಹೋದ,
ಆರಕ್ಕೆ ಮನೆಗೆ ಕಳಿಸಿದರು, ಒಂದು ಹೊಸ ಗುಳಿಗೆ ಕೊಟ್ಟು.

‘ಯಾರು, ಲೆಂಪಿಯ ಮಗಳಾ?
ನನಗೇನಾಗಿದೆ, ಗುಂಡುಕಲ್ಲು!
ಬೀಸೋ ದೊಣ್ಣೆ ತಪ್ಪಿತಲ್ಲ, ಇನ್ನು ಸಾವಿರ ವರ್ಷ.’
ಆಸ್ಪತ್ರೆಯ ಹಾಳೆ ಎಲ್ಲಿ ಎಂದೆ.
‘ಸೌನಾ ಒಲೆಗೆ. ಒಳ್ಳೇ ಕಾಗದ,
ಒಂದೇ ಕಡ್ಡಿಗೆ ಹತ್ತಿಕೊಂಡಿತು.’

ನಕ್ಕೆ. ‘ಕ್ಷೇಮ’ ಎಂಬ ಚೌಕದ ಮೇಲೆ
ಪೆನ್ನು ಇಳಿಯುತ್ತಿತ್ತು.

‘ಎದ್ದು ನಿಂತಾಗ ಮಾತ್ರ
ಅಡುಗೆಮನೆ ಒಂಚೂರು ವಾಲುತ್ತೆ, ಹಡಗಿನ ಹಾಗೆ.
ನನಗೆ ರೂಢಿಯೇ ಬಿಡು.’

ಪೆನ್ನು ನಿಂತಿತು.

ಸೀಸೆಗಳನ್ನು ತಾ ಎಂದೆ, ಎಲ್ಲವನ್ನೂ.
ಕೇಳುತ್ತಾ ಕೂತೆ: ಎಳೆದು ನಡೆಯುವ ಚಪ್ಪಲಿ,
ಬಿಗಿದ ಡ್ರಾಯರು, ಬೆಕ್ಕಿಗೆ ಫಿನ್ನಿಷ್‌ನಲ್ಲಿ ಬೈಗುಳ,
ಕನ್ನಡಕ ಸಿಗದೆ ಇನ್ನೊಂದು ಬೈಗುಳ.
ನನ್ನ ಹಿಂದಿನ ಬೆಂಚಿನಲ್ಲಿ ಯಾರೋ
ಗಡಿಯಾರ ನೋಡಿ ಕೆಮ್ಮಿದರು.
ಆಮೇಲೆ ಅಕ್ಷರ ಅಕ್ಷರವಾಗಿ ಓದಿದ,
ಶಾಲೆಯ ಹುಡುಗನ ಹಾಗೆ.

ನಾಲ್ಕು ವರ್ಷದಿಂದ ನುಂಗುತ್ತಿರುವ ಹಳೆಯದಕ್ಕೆ ಒಂದು ಹೆಸರು,
ಶನಿವಾರದ ಹೊಸದಕ್ಕೆ ಇನ್ನೊಂದು.
ಮದ್ದು ಒಂದೇ.
ಅಂಗಿ ಬದಲಿಸಿ ಬಂದು
ಎರಡನೇ ಪಂಕ್ತಿಗೂ ಕೂತುಬಿಟ್ಟಿತ್ತು.

ಡಾಕ್ಟರ ಕೋಣೆಯ ಬಾಗಿಲು ತಟ್ಟಿ, ಕೇಳಿ, ಬಂದು ಹೇಳಿದೆ:
ಹೊಸದನ್ನು ಮುಟ್ಟಬೇಡ, ಗಾಡಿ ಓಡಿಸಬೇಡ, ಇವತ್ತೇ ಬಾ.
‘ಅವರು ಕೊಟ್ಟಿದ್ದು ತಪ್ಪಾ?’
ತಪ್ಪಲ್ಲ ಆರ್ವೋ. ಹಳೆಯದರ ಸುದ್ದಿ
ಅವರ ತನಕ ಹೋಗಿರಲಿಲ್ಲ.
ಒಂದೇ ಸೂಪಿಗೆ ನೀನೂ ಉಪ್ಪು ಹಾಕಿ,
ನಿನಗೆ ತಿಳಿಯದೆ ನಿನ್ನ ಹುಡುಗನೂ ಹಾಕಿದರೆ?

ಬಹಳ ಹೊತ್ತು ಸುಮ್ಮನಿದ್ದ.
ಬೆಕ್ಕೂ ಸುಮ್ಮನಿತ್ತು.
‘ಹಾಗಾದರೆ,’ ಎಂದ,
‘ಬಡಿಸೋ ಮುಂಚೆ
ಯಾರೂ ರುಚಿ ನೋಡಲಿಲ್ಲವಾ?’

ಎರಡೂವರೆಗೆ ಬಂದ.
ಹಿಮ ಗುಡಿಸುವ ಲಾರಿಯ ಎತ್ತರದ ಸೀಟಿನಿಂದ
ಪಕ್ಕದ ಮನೆಯ ಹುಡುಗಿ ಕೈಹಿಡಿದು ಇಳಿಸಿದಳು.
ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ಅಳೆದೆ;
ನಿಂತಾಗಿನದನ್ನು ಅವನಿಗೆ ಜೋರಾಗಿ ಓದಿ ಹೇಳಲಿಲ್ಲ.
ಬ್ರೆಡ್ಡಿನ ಚೀಲದಲ್ಲಿ ಎರಡೂ ಸೀಸೆ ತಂದಿದ್ದ,
ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ,
ಕೈದಿಯ ಹಾಗೆ.

ಆ ಕರೆಗೆ ಹದಿನಾಲ್ಕು ನಿಮಿಷ ಹಿಡಿಯಿತು.
ಲೆಕ್ಕದಲ್ಲಿ ನನಗಿರುವುದು ನಾಲ್ಕು.
ನಮೂನೆಯಲ್ಲಿ ಕೇಳಿರುವುದು ಇಷ್ಟೇ:
ಸಂಪರ್ಕಿಸಲಾಯಿತೇ? ಹೌದು. ಇಲ್ಲ.
ಹೌದು ಎಂದು ಗೀಟು ಹಾಕಿದೆ.

ಇನ್ನು ಆ ಮೊದಲ ನಂಬರು.
ಹಳೇ ಫೈಲು ತೆಗೆದೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ,
ಯಾರ ಕೈಬರಹವೋ:
‘ತಂಗಿಯದು. ರಾತ್ರಿ ಪಾಳಿಯವಳು,
ನಾಲ್ಕರ ಮೇಲೆ ಮಾಡಿ.’

ಈಗ ಮೂರೂ ಐವತ್ತು.